ಒಂದೇ ಗೇರಿನ ಸೈಕಲ್ಲಿಗೂ ಲೆಕ್ಕಾಚಾರ ಬೇಕು

ಮಾನ್ಯ ಸಂಪಾದಕರೇ,

ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಬಯಸುವವರಿಗಾಗಿ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನ ಒಟ್ಟಿನಲ್ಲಿ ಉಪಯುಕ್ತವಾಗಿತ್ತು. ಆದರೆ ಒಂದೇ ಗೇರಿನ ಸೈಕಲ್ಲು ದಣಿವು ತರುವಂಥದ್ದೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದನ್ನು ನಾನು ಒಪ್ಪಲಾರೆ. ಅಂಥ ಸೈಕಲ್ಲು ದಣಿಸಿದರೆ ಸಾಮಾನ್ಯವಾಗಿ ಅದಕ್ಕೆ ಕಾರಣ ಚೈನು ಓಡುವ ಹಿಂದಿನ, ಮುಂದಿನ ಗಾಲಿಗಳ ಹಲ್ಲುಗಳ ಲೆಕ್ಕ ಸವಾರನಿಗೂ ದಾರಿಗೂ ಹೊಂದದಿರುವುದು. ಗೇರು ಬದಲಿಸುವ ಅವಕಾಶವೇ ಇಲ್ಲದ ಕಡೆ ಆ ಲೆಕ್ಕವನ್ನು ಮೊದಲೇ ಸರಿಯಾಗಿ ಹಾಕಬೇಕು. ಹಾಕಿದ ಮೇಲೆ ಬಹುಕಾಲ ಅದರ ಗೋಜಿಗೆ ಹೋಗಬೇಕಾಗಿಲ್ಲ. ಮನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಹಳೆಯ ಗೇರ್ ಸೈಕಲ್ಲನ್ನು ಹೀಗೆ ಮಾರ್ಪಡಿಸಬಹುದೇ ಎಂದು ಯೋಚಿಸುತ್ತಿರುವವರಿಗೆ ನೆರವಾಗಲಿ ಎಂದು ಈ ಪತ್ರ.

ಪೆಡಲಿನ ಕಡೆಯ ಚೈನ್‌ವೀಲಿನಲ್ಲಿ 42 ಹಲ್ಲು, ಹಿಂಚಕ್ರದ ಫ್ರೀವೀಲಿನಲ್ಲಿ 16 ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಹಿಂಚಕ್ರ ಎರಡೂವರೆಗಿಂತ ತುಸು ಹೆಚ್ಚು, ಅಂದರೆ 2.625 ಸುತ್ತು ತಿರುಗುತ್ತದೆ. 28 ಮಿ.ಮೀ. ಟೈರು ಹಾಕಿದ 700ಸಿ ಎಂಬ ಅಳತೆಯ ಚಕ್ರದ ಸುತ್ತಳತೆ ಸುಮಾರು 2.14 ಮೀಟರ್ ಆದುದರಿಂದ ಸೈಕಲ್ಲು ಆಗ 5.6 ಮೀಟರ್ ಮುಂದೆ ಸಾಗಿರುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 20 ಕಿ.ಮೀ. ವೇಗ ಸಿಗುತ್ತದೆ, 80 ಸುತ್ತು ತುಳಿದರೆ 27ರ ಹತ್ತಿರ ಬರುತ್ತದೆ. ಕಚೇರಿಗೆ ಹೋಗುವವರಿಗೆ ಇದಕ್ಕಿಂತ ಹೆಚ್ಚಿನ ವೇಗ ಬೇಕಾಗುವುದು ಅಪರೂಪ. ಆದರೂ ಹಲವರು 46 ಅಥವಾ 48 ಹಲ್ಲಿನ ಚೈನ್‌ವೀಲಿಗೆ ಆಸೆಪಡುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಒಮ್ಮೆ ಓಡಿಸಿ ನೋಡಿ ಹಿಗ್ಗುತ್ತಾರೆ. ಆಮೇಲೆ ಪ್ರತಿ ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಮಂಡಿಗೆ ಬೀಳುವ ಭಾರವನ್ನು ದಿನವೂ ಅನುಭವಿಸುತ್ತಾರೆ. ಹಲ್ಲುಗಳ ಲೆಕ್ಕವನ್ನು ನಿರ್ಧರಿಸಬೇಕಾದದ್ದು ದಾರಿಯಲ್ಲಿನ ಅತಿ ಕಷ್ಟದ ಏರು, ಎದುರುಗಾಳಿ, ಬೆನ್ನಿನ ಮೇಲಿನ ಅಥವಾ ಕ್ಯಾರಿಯರಿನ ಮೇಲಿನ ಚೀಲ ಮತ್ತು ನಿಂತು ಹೊರಡುವ ಸಂದರ್ಭಗಳೇ ಹೊರತು ಸಿಗಬಹುದಾದ ಅತಿ ಹೆಚ್ಚಿನ ವೇಗವಲ್ಲ.

ಈ ಲೆಕ್ಕವನ್ನು ಕಾಗದದ ಮೇಲೆ ಹಾಕುವುದಕ್ಕಿಂತ ಸುಲಭವಾದ ದಾರಿಯೊಂದಿದೆ. ಗೇರ್ ಸೈಕಲ್ಲು ಕೈಯಲ್ಲಿದ್ದರೆ ಅದನ್ನು ಬಿಚ್ಚುವ ಮೊದಲು, ನಿಮಗೆ ಹಿತವೆನಿಸುವ ಒಂದು ಗೇರಿಗೆ ಹಾಕಿ, ಒಂದು ವಾರ ಲಿವರನ್ನು ಮುಟ್ಟದೆ ಅದೇ ದಾರಿಯಲ್ಲಿ ಹೋಗಿಬನ್ನಿ. ಏರಿನಲ್ಲಿ ಏದುಸಿರು ಬಂದರೆ ಒಂದು ಗೇರು ಇಳಿಸಿ, ಸಮತಟ್ಟಿನಲ್ಲಿ ಕಾಲು ವ್ಯರ್ಥವಾಗಿ ಸುತ್ತುತ್ತಿದೆ ಎನಿಸಿದರೆ ಏರಿಸಿ. ಕೊನೆಗೆ ಯಾವುದರಲ್ಲಿ ನೆಲೆ ನಿಲ್ಲುತ್ತೀರೋ ಅದರ ಹಿಂದಿನ, ಮುಂದಿನ ಹಲ್ಲುಗಳನ್ನು ಎಣಿಸಿಕೊಂಡರಾಯಿತು. ಮುಂದೆ ತಿದ್ದಬೇಕಾದಾಗ ನೆನಪಿಡಬೇಕಾದದ್ದು ಇಷ್ಟು: ಫ್ರೀವೀಲಿನಲ್ಲಿ 16ರ ಬದಲು 17 ಹಲ್ಲು ಹಾಕಿದರೆ ತುಳಿತ ಸುಮಾರು ಶೇ 6ರಷ್ಟು ಹಗುರವಾಗುತ್ತದೆ, ಚೈನ್‌ವೀಲಿನಲ್ಲಿ ಒಂದು ಹಲ್ಲಿನ ವ್ಯತ್ಯಾಸ ಕೇವಲ ಶೇ 2.4ರಷ್ಟು. ದೊಡ್ಡ ಬದಲಾವಣೆ ಹಿಂದೆ, ಸಣ್ಣ ತಿದ್ದುಪಡಿ ಮುಂದೆ.

ಚೈನು ನೇರವಾಗಿ ಓಡುವುದು ಅಷ್ಟೇ ಮುಖ್ಯ. ಫ್ರೇಮಿನ ನಡುಗೆರೆಯಿಂದ ಚೈನ್‌ವೀಲಿನ ಹಲ್ಲುಗಳಿಗಿರುವ ದೂರವೂ ಹಿಂದಿನ ಹಲ್ಲುಗಳಿಗಿರುವ ದೂರವೂ ಒಂದೇ ಆಗಿರಬೇಕು, ಒಂದು ಮಿ.ಮೀ. ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಹಿಂಚಕ್ರದಲ್ಲಿ ಕ್ಯಾಸೆಟ್, ಅಂದರೆ ಬೇರೆ ಬೇರೆ ಗಾತ್ರದ ಹಲ್ಲುಗಾಲಿಗಳ ಜೋಡಣೆ, ಇದ್ದರೆ ಕೆಲಸ ಸುಲಭ: ಕ್ಯಾಸೆಟ್ ತೆಗೆದು, ಒಂದೇ ಕಾಗನ್ನು (ಹಲ್ಲುಗಾಲಿಯನ್ನು) ಇಟ್ಟು, ಎರಡೂ ಬದಿಗೆ ಸ್ಪೇಸರುಗಳನ್ನು, ಅಂದರೆ ಜಾಗ ತುಂಬುವ ಬಳೆಗಳನ್ನು, ತುಂಬಿದರೆ ಕಾಗನ್ನು ಬೇಕಾದಷ್ಟು ಒಳಕ್ಕೋ ಹೊರಕ್ಕೋ ಸರಿಸಿಕೊಳ್ಳಬಹುದು. ಆದರೆ ಹಳೆಯ ಕ್ಯಾಸೆಟ್ಟಿನಿಂದಲೇ ಒಂದು ಕಾಗನ್ನು ಕಿತ್ತು ಬಳಸುವ ಮಿತವ್ಯಯ ಬೇಡ. ಅದರ ಹಲ್ಲುಗಳನ್ನು ಹತ್ತಿರದಿಂದ ನೋಡಿ: ಕೆಲವು ಗಿಡ್ಡ, ಕೆಲವು ಓರೆಯಾಗಿ ಕೊರೆದವು. ಚೈನು ಪಕ್ಕದ ಕಾಗಿಗೆ ಸಲೀಸಾಗಿ ಜಾರಲೆಂದೇ ಅವುಗಳನ್ನು ಹಾಗೆ ಮಾಡಿರುತ್ತಾರೆ. ಇಲ್ಲಿ ನಮಗೆ ಬೇಕಿರುವುದು ಚೈನನ್ನು ಜಾರಗೊಡದ, ಎಲ್ಲವೂ ಪೂರ್ಣ ಎತ್ತರವಿರುವ ಹಲ್ಲುಗಳು. ಚೈನಿನ ಅಗಲವನ್ನೂ ಗಮನಿಸಬೇಕು. 1/8 ಇಂಚಿನ ಚೈನು 3/32 ಇಂಚಿನ ಹಲ್ಲಿನ ಮೇಲೂ ಓಡುತ್ತದೆ, ಆದರೆ 3/32ರ ಚೈನು 1/8ರ ಹಲ್ಲಿನ ಮೇಲೆ ಕೂರುವುದೇ ಇಲ್ಲ.

ಇನ್ನು ಚೈನಿನ ಬಿಗುವು. ಇದೆಲ್ಲ ಹಿಂಚಕ್ರದ ಆಕ್ಸಲ್ ಕೂರುವ ಸೀಳಿನ ದಿಕ್ಕನ್ನು ಅವಲಂಬಿಸಿದೆ. ಸೀಳು ಅಡ್ಡಕ್ಕಿದ್ದರೆ ಚಕ್ರವನ್ನು ಹಿಂದಕ್ಕೆ ಎಳೆದು ಚೈನು ಬಿಗಿಮಾಡಬಹುದು. ಕೆಳಮುಖವಾಗಿದ್ದರೆ ಚಕ್ರ ಹಿಂದೆಮುಂದೆ ಸರಿಯದು. ಚೈನು ಬಿಗಿಹಿಡಿಯುವ ಟೆನ್ಷನರನ್ನು ಹಾಕಲೇಬೇಕು, ಗೇರು ಬದಲಿಸಲು ಚೈನನ್ನು ಪಕ್ಕಕ್ಕೆ ಸರಿಸುತ್ತಿದ್ದ ಹಳೆಯ ಹಿಂದಿನ ಡಿರೇಲರನ್ನೇ ತಿರುಪು ಬಿಗಿದು ಒಂದೆಡೆ ನಿಲ್ಲಿಸಿದರೂ ಆ ಕೆಲಸ ನಡೆಯುತ್ತದೆ. ಕೆಲವು ಹಲ್ಲುಗಳ ಜೋಡಿಗೆ ಟೆನ್ಷನರ್ ಇಲ್ಲದೆಯೇ ಚೈನು ಸರಿಯಾಗಿ ಕೂರುವುದುಂಟು. ಆದರೆ ಚೈನು ಸವೆದು ಉದ್ದವಾದಂತೆ ಆ ಅದೃಷ್ಟ ಕೈಕೊಡುತ್ತದೆ, ಅದನ್ನು ನಂಬಿ ಕೂರಬಾರದು.

ಅಡ್ಡ ಸೀಳಿದ್ದಾಗ ಒಂದು ಕಡೆಯ ನಟ್ಟನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಚಕ್ರ ವಾರೆಯಾಗುತ್ತದೆ. ಎಡ, ಬಲ, ಮತ್ತೆ ಎಡ ಎಂದು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ಟೈರು ಫ್ರೇಮಿನ ಎರಡು ಕೊಳವೆಗಳ ನಟ್ಟನಡುವೆ ಬರುವಂತೆ ನೋಡಿಕೊಳ್ಳಬೇಕು. ಬಳಿಕ ಪೆಡಲನ್ನು ಮೆಲ್ಲಗೆ ತಿರುಗಿಸುತ್ತ, ಚೈನಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಬೇಕು. ಯಾವ ಚೈನ್‌ವೀಲೂ ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಒಂದು ಕಡೆ ಚೈನು ಬಿಗಿಯಾಗಿಯೂ ಅರ್ಧ ಸುತ್ತು ಕಳೆದರೆ ಸಡಿಲವಾಗಿಯೂ ಕಾಣುತ್ತದೆ. ಅತಿ ಬಿಗಿಯಾದ ಜಾಗದಲ್ಲಿ ಒಟ್ಟು ಒಂದು ಸೆಂಟಿಮೀಟರಿನಷ್ಟು ಆಟ ಉಳಿದಿದ್ದರೆ ಸರಿ. ಅದಕ್ಕಿಂತ ಬಿಗಿದರೆ ಬೇರಿಂಗ್ ಬೇಗ ಸವೆಯುತ್ತದೆ. ತೀರ ಸಡಿಲ ಬಿಟ್ಟರೆ ಹೊಂಡ ಹಾರಿದಾಗ ಚೈನು ಕಳಚಿಕೊಳ್ಳುತ್ತದೆ. ರಿಮ್ಮಿಗೆ ತಾಗುವ ಬ್ರೇಕಿದ್ದರೆ, ಚಕ್ರವನ್ನು ಸರಿಸಿದಾಗಲೆಲ್ಲ ಬ್ರೇಕ್ ರಬ್ಬರು ರಿಮ್ಮಿನ ಮೇಲೆಯೇ ಕೂತಿದೆಯೇ, ಟೈರನ್ನು ಉಜ್ಜುತ್ತಿದೆಯೇ ಎಂದು ನೋಡುವುದನ್ನು ಮರೆಯಬಾರದು.

ಬ್ರೇಕುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಅಂದಕ್ಕಾಗಿ ಬ್ರೇಕು ತೆಗೆಸಿ, ಫ್ರೀವೀಲಿನ ಬದಲು ಚಕ್ರಕ್ಕೇ ಬಿಗಿದ ಫಿಕ್ಸೆಡ್ ಕಾಗು ಹಾಕಿಸುವ ಶೋಕಿ ದಟ್ಟ ಸಂಚಾರದ ರಸ್ತೆಗೆ ಹೇಳಿಸಿದ್ದಲ್ಲ. ಅಂಥ ಸೈಕಲ್ಲು ಸಾಗುತ್ತಿರುವಾಗ ಪೆಡಲು ನಿಲ್ಲುವುದೇ ಇಲ್ಲ; ತಿರುವಿನಲ್ಲಿ ಬಾಗಿದಾಗ ಅದು ನೆಲಕ್ಕೆ ತಾಗುವ ಅಪಾಯವಿದೆ. ಕೆಲಸಕ್ಕೆ ಹೋಗುವ ಸೈಕಲ್ಲಿಗೆ ಫ್ರೀವೀಲ್, ಹಿಂದೆ ಮುಂದೆ ಎರಡೂ ಬ್ರೇಕು, ಎರಡು ಚಕ್ರಕ್ಕೂ ಮಡ್‌ಗಾರ್ಡು ಇರಲಿ.

ಹಾಗೆಂದು ಒಂದೇ ಗೇರು ಎಲ್ಲರಿಗೂ ಸಲ್ಲುತ್ತದೆಂದು ನಾನು ಹೇಳುವುದಿಲ್ಲ. ದಾರಿಯಲ್ಲಿ ಕಡಿದಾದ ಏರುಗಳಿದ್ದರೆ, ಮಂಡಿನೋವಿದ್ದರೆ, ಮಗುವನ್ನೋ ಭಾರದ ಸಾಮಾನನ್ನೋ ಒಯ್ಯಬೇಕಿದ್ದರೆ, ಹಬ್ಬಿನೊಳಗೇ (ಚಕ್ರದ ನಡುವಿನ ಗುಂಬದೊಳಗೇ) ಮೂರು ಗೇರುಗಳನ್ನು ಅಡಗಿಸಿಟ್ಟ ಸೈಕಲ್ಲು ಮೇಲು. ಇವೆರಡರ ನಡುವಿನ ಹಳೆಯ ಉಪಾಯವೂ ಒಂದಿದೆ. ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಡಿರೇಲರ್ ಬಳಸಲು 1937ರವರೆಗೆ ಅನುಮತಿಯಿರಲಿಲ್ಲ. ಅಲ್ಲಿಯವರೆಗೆ ಸವಾರರು ಪರ್ವತದ ಬುಡದಲ್ಲಿ ಇಳಿದು, ಹಿಂಚಕ್ರ ಕಳಚಿ, ಹೆಚ್ಚು ಹಲ್ಲಿನ ಬದಿ ಚೈನಿಗೆ ಬರುವಂತೆ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಎರಡೂ ಬದಿಗೆ ಫ್ರೀವೀಲ್ ಕೂರಿಸಬಹುದಾದ ಹಬ್ಬು ಇಂದಿಗೂ ಸಿಗುತ್ತದೆ. ಒಂದು ಬದಿಗೆ 16, ಇನ್ನೊಂದು ಬದಿಗೆ 18 ಹಲ್ಲು ಹಾಕಿಟ್ಟುಕೊಂಡರೆ ಗಾಳಿ ಜೋರಾಗಿರುವ ದಿನಗಳಲ್ಲಿ ಚಕ್ರ ತಿರುಗಿಸಿ ಹಾಕಿಕೊಳ್ಳಬಹುದು, ಸೀಳು ಸಾಕಷ್ಟು ಉದ್ದವಿದ್ದರೆ ಚೈನನ್ನು ಕತ್ತರಿಸಬೇಕಾಗಿಯೂ ಇಲ್ಲ. ನಟ್ಟಿನಿಂದ ಬಿಗಿದ ಚಕ್ರಕ್ಕೆ 15 ಮಿ.ಮೀ. ಸ್ಪ್ಯಾನರು ಮಾತ್ರ ಚೀಲದಲ್ಲಿ ಸದಾ ಇರಬೇಕು. ಅದಿಲ್ಲದೆ ಪಂಕ್ಚರಾದರೆ ತಳ್ಳಿಕೊಂಡು ನಡೆಯುವುದೇ ಗತಿ.

ತಮ್ಮ ಪತ್ರಿಕೆ ಹೊಸ ಸೈಕಲ್ಲುಗಳನ್ನು ಪರಿಚಯಿಸುವಾಗ ಬಣ್ಣ, ತೂಕ, ಗೇರುಗಳ ಸಂಖ್ಯೆಯನ್ನಷ್ಟೇ ಕೊಡುತ್ತಿದೆ. ಚೈನ್‌ವೀಲಿನಲ್ಲಿ ಎಷ್ಟು ಹಲ್ಲು, ಹಿಂದೆ ಎಷ್ಟು, ಆಕ್ಸಲಿನ ಸೀಳು ಅಡ್ಡಕ್ಕಿದೆಯೇ ಕೆಳಮುಖವಾಗಿದೆಯೇ, ಮಡ್‌ಗಾರ್ಡು ಹಾಕಲು ಜಾಗವಿದೆಯೇ ಎಂಬುದನ್ನೂ ನಮೂದಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಓದುಗ