ಪತ್ತೆಯಾದ ಕಲ್ಲು ಈಗ ಎಲ್ಲಿದೆ?

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಆಗಾಗ ‘ಅಪರೂಪದ ವೀರಗಲ್ಲು ಪತ್ತೆ’, ‘ಅಪ್ರಕಟಿತ ಶಾಸನ ಪತ್ತೆ’ ಎಂಬ ತಲೆಬರಹದ ಪುಟ್ಟ ಸುದ್ದಿಗಳು ಬರುತ್ತವೆ. ದೊಡ್ಡ ಸುದ್ದಿಗಳನ್ನೆಲ್ಲ ಬದಿಗಿಟ್ಟು ಮೊದಲು ಅವನ್ನೇ ಓದುವುದು ನನಗೆ ಬಹಳ ವರ್ಷಗಳ ಅಭ್ಯಾಸ. ಓದಿದಾಗ ಸಂತೋಷವಾಗುತ್ತದೆ, ಆದರೆ ಆ ‘ಪತ್ತೆ’ ಎಂಬ ಮಾತಿನ ಬಗ್ಗೆ ನನ್ನದೊಂದು ತಕರಾರಿದೆ. ಹೀಗೆ ಪತ್ತೆಯಾಗುವ ಹೆಚ್ಚಿನ ಕಲ್ಲುಗಳು ಊರ ಬಾಗಿಲಲ್ಲೋ, ಕೆರೆ ಏರಿಯ ಮೇಲೋ, ಹೊಲದ ಬದುವಿನಲ್ಲೋ ನೂರಾರು ವರ್ಷಗಳಿಂದ ನಿಂತೇ ಇದ್ದಂಥವು. ಊರ ಹೆಣ್ಣುಮಕ್ಕಳು ಅವಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು, ದನ ಕಾಯುವವರು ಒರಗಿ ಕೂರುತ್ತಿದ್ದರು. ಅವುಗಳ ಮೇಲಿನ ಬರಹವನ್ನು ಓದಬಲ್ಲವರು ಮಾತ್ರ ಆ ಊರಿನಲ್ಲಿ ಇರಲಿಲ್ಲ. ಯಾರೋ ಒಬ್ಬ ಆಸಕ್ತರು ಬಂದು ಓದುತ್ತಾರೆ, ಮರುದಿನ ಸುದ್ದಿಯಾಗುತ್ತದೆ, ಅಲ್ಲಿಗೆ ಮುಗಿಯಿತು. ಆ ಕಲ್ಲಿಗೆ ಆಮೇಲೆ ಏನಾಯಿತೆಂದು ಹೇಳುವ ಸುದ್ದಿಯನ್ನು ನಾನು ಓದಿದ ನೆನಪಿಲ್ಲ.

ನಮ್ಮೂರಿನ ಕೆರೆ ಏರಿಯ ಮೇಲೆ ಎದೆಯೆತ್ತರದ ಒಂದು ಕಲ್ಲಿತ್ತು. ಅದನ್ನು ನಾವು ‘ಈರಗಾರಪ್ಪ’ ಎಂದು ಕರೆಯುತ್ತಿದ್ದೆವು. ಮೊದಲ ಮಳೆ ಬಿದ್ದಾಗ ಅದಕ್ಕೊಂದು ತೆಂಗಿನಕಾಯಿ ಒಡೆಯದೆ ನನ್ನ ಅಜ್ಜಿ ಉಳಲು ನೇಗಿಲು ಕಟ್ಟಲು ಬಿಡುತ್ತಿರಲಿಲ್ಲ. ಮೂರು ಪಟ್ಟಿಕೆಗಳ ಕಲ್ಲು ಅದು. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ಒಬ್ಬ, ಅವನ ಹಿಂದೆ ಸಾಲಾಗಿ ದನಗಳು. ನಡುವಿನ ಪಟ್ಟಿಕೆಯಲ್ಲಿ ಅವನನ್ನು ಇಬ್ಬರು ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಎರಡು ಸಾಲು ಬರಹವಿತ್ತು. ಕೆಲವು ವರ್ಷಗಳ ಹಿಂದೆ ರಸ್ತೆ ಅಗಲ ಮಾಡುವಾಗ ಮಣ್ಣು ತೆಗೆಯುವ ಯಂತ್ರ ಅದನ್ನು ಬುಡಸಮೇತ ಎತ್ತಿ ಪಕ್ಕದ ಹಳ್ಳಕ್ಕೆ ಹಾಕಿತು. ಕೆಳಗಿನ ಪಟ್ಟಿಕೆ ಒಡೆದು ಎರಡು ಹೋಳಾಯಿತು. ವಿಚಾರಿಸಲು ಹೋದಾಗ ಸಿಕ್ಕ ಉತ್ತರ ಇಷ್ಟೇ: ಅಂಥದೊಂದು ಕಲ್ಲು ಅಲ್ಲಿತ್ತೆಂದು ಯಾವ ದಾಖಲೆಯಲ್ಲಿಯೂ ಇಲ್ಲ. ವಿದ್ಯುತ್ ಕಂಬಕ್ಕೆ ಸಂಖ್ಯೆಯಿದೆ, ಬೋರ್‌ವೆಲ್‌ಗೆ ಸಂಖ್ಯೆಯಿದೆ. ಊರಿಗಾಗಿ ಸತ್ತವನ ಕಲ್ಲಿಗೆ ಇರಲಿಲ್ಲ.

ಈ ಬಗೆಯ ಕಲ್ಲುಗಳು ಅರಸರ ಕಥೆಯನ್ನಷ್ಟೇ ಹೇಳುವುದಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ದೇವಾಲಯದ ಗೋಡೆಯ ಶಾಸನಗಳಲ್ಲಿ ರಾಜನ ಬಿರುದುಗಳು ಹತ್ತಾರು ಸಾಲು ಹರಿದರೆ, ವೀರಗಲ್ಲಿನಲ್ಲಿ ಇಂಥವನು ತುರುಗಳನ್ನು ಬಿಡಿಸಿಕೊಂಡು ತರಲು ಹೋಗಿ ಕಾದಿ ಸತ್ತ ಎಂಬ ಒಂದೇ ಮಾತು ಇರುತ್ತದೆ. ದನಗಳ ಹಿಂಡನ್ನು ಶತ್ರುಗಳು ಹೊಡೆದುಕೊಂಡು ಹೋಗುವುದು ‘ತುರುಗೊಳ್’. ಹೆಂಗಸರ ಮಾನಕ್ಕೆ ಕುತ್ತು ಬಂದಾಗ ಏಳುವ ಮೊರೆ ‘ಪೆಣ್ಬುಯ್ಯಲ್’. ಊರೇ ಹಾಳಾಗುವ ಸಂದರ್ಭ ‘ಊರಳಿವು’. ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ‘ಕಲ್ನಾಡು’ ಅಥವಾ ‘ನೆತ್ತರುಗೊಡಗೆ’. ನೆತ್ತರುಗೊಡಗೆ ಎಂಬ ಪದವನ್ನು ಮೊದಲ ಬಾರಿ ಓದಿದ ದಿನ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿ ಕುಳಿತಿದ್ದೆ. ಚೆಲ್ಲಿದ ರಕ್ತಕ್ಕೆ ಊರು ತೀರಿಸಿದ ಋಣವನ್ನು ಇಷ್ಟು ನೇರವಾಗಿ ಹೇಳುವ ಮಾತು ನಮ್ಮ ಇಂದಿನ ಆಡಳಿತ ಕನ್ನಡದಲ್ಲಿ ನನಗೆ ಕಂಡಿಲ್ಲ.

ಮನುಷ್ಯರಿಗೆ ಮಾತ್ರವೇ ಅಲ್ಲ, ನಾಯಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಇದಕ್ಕೆ ಸಾಕ್ಷಿ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರ ಮೇಲೆ ಹೋರಾಡಿದ. ಬೂತುಗನ ವೀರ ಮಣಲೆರ ಆ ಯುದ್ಧದಲ್ಲಿ ಪರಾಕ್ರಮ ತೋರಿದಾಗ, ಮೆಚ್ಚಿದ್ದೇನೆ, ಬೇಕಾದ್ದನ್ನು ಬೇಡಿಕೋ ಎಂದು ಒಡೆಯ ಹೇಳಿದರೆ, ಅವನು ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ಮಣಲೆರ ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟಲಿ ಎಂಬ ಮಾತನ್ನು ಕೂಡ ಬರೆಸಿದ. ನಾಯಿ ಮತ್ತು ಹಂದಿ ಎದುರುಬದುರಾಗಿ ನಿಂತ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಜೆಯಲ್ಲಿ ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ಯುವವರು ಅರ್ಧ ಗಂಟೆ ಬಿಡುವು ಮಾಡಿಕೊಂಡು ಅದನ್ನು ತೋರಿಸಿ ಬರಬೇಕೆಂದು ವಿನಂತಿಸುತ್ತೇನೆ.

ಬೆಂಗಳೂರಿನ ಹೆಸರಿನ ವಿಷಯದಲ್ಲಿಯೂ ಒಂದು ವೀರಗಲ್ಲೇ ಸಾಕ್ಷಿ. ಬೇಟೆಯಲ್ಲಿ ದಾರಿ ತಪ್ಪಿದ ಬಲ್ಲಾಳರಾಯನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂಬ ಹೆಸರಾಯಿತು ಎಂಬ ಕಥೆಯನ್ನು ಇಂದಿಗೂ ಶಾಲೆಗಳಲ್ಲಿ ಹೇಳುತ್ತಾರೆ. ಆದರೆ ಬೆಂಗಳೂರಿನ ಬೇಗೂರಿನ ದೇಗುಲದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲು ಗಂಗರ ಅಧಿಕಾರಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ‘ಬೆಂಗಳೂರ ಕಾಳಗ’ದಲ್ಲಿ ಸತ್ತನೆಂದು ಹೇಳುತ್ತದೆ, ಆಗ ಹೊಯ್ಸಳ ಬಲ್ಲಾಳರು ಇನ್ನೂ ಹುಟ್ಟಿಯೇ ಇರಲಿಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಕಣ್ಣಿಗೆ ಬಿದ್ದ, ಕಿತ್ತಯ್ಯ ಎಂಬ ವೀರನ ಕಲ್ಲು ಇದಕ್ಕೂ ಹಿಂದಿನದು, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಸುತ್ತಮುತ್ತಲಿನ ಜನರ ಆಸ್ಥೆಯಿಂದ ಅದಕ್ಕೊಂದು ಮಂಟಪವೂ ಆಯಿತು. ಅಷ್ಟು ದಟ್ಟಣೆಯ ನಗರದಲ್ಲಿ ಸಾಧ್ಯವಾದದ್ದು ನಮ್ಮ ಹಳ್ಳಿಗಳಲ್ಲಿ ಸಾಧ್ಯವಾಗದೆ ಇರಲು ಕಾರಣವಿಲ್ಲ.

ಶಾಸನಗಳ ಪಟ್ಟಿಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟವನ್ನು 1886ರಲ್ಲಿಯೇ ತಂದರು, ತಾಲ್ಲೂಕುವಾರು ಶಾಸನಗಳನ್ನು ಜೋಡಿಸಿದ ಆ ಸಂಪುಟಗಳ ಪರಿಷ್ಕೃತ ಆವೃತ್ತಿಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪ್ರಕಟಿಸಿದೆ. ದಪ್ಪ ಸಂಪುಟದೊಳಗೆ ಇರುವ ಈ ಮಾಹಿತಿ ರಸ್ತೆ ಅಳೆಯಲು ಬರುವ ಎಂಜಿನಿಯರ ಕೈಯ ನಕ್ಷೆಗೆ ಬರುವುದಿಲ್ಲ ಎಂಬುದೇ ನನ್ನ ಸಂಕಟ. ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಆಸ್ತಿ ವಹಿಯಲ್ಲಿ ವ್ಯಾಪ್ತಿಯೊಳಗಿನ ವೀರಗಲ್ಲು, ಸಹಗಮನ ಮಾಡಿದವಳ ನೆನಪಿನ ಮಾಸ್ತಿಕಲ್ಲು, ದಾನಶಾಸನಗಳನ್ನು ಸರ್ವೆ ನಂಬರಿನೊಂದಿಗೆ ಬರೆದುಕೊಳ್ಳಬೇಕು. ಪ್ರತಿ ಕಲ್ಲಿನ ಪಕ್ಕದಲ್ಲಿ, ಅದರಲ್ಲಿರುವುದನ್ನು ಏಳನೆಯ ತರಗತಿಯ ಹುಡುಗಿ ಓದಿ ಅರ್ಥಮಾಡಿಕೊಳ್ಳುವ ಇಂದಿನ ಕನ್ನಡದಲ್ಲಿ ಬರೆದ ಒಂದು ಫಲಕ ಇರಬೇಕು. ಮೂಲ ಕಲ್ಲು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದರೆ ಊರಿನಲ್ಲಿ ಅದರ ಪ್ರತಿಕೃತಿಯಾದರೂ ನಿಲ್ಲಬೇಕು. ಹಲ್ಮಿಡಿಯಲ್ಲಿ ಹಾಗೆ ನಿಲ್ಲಿಸಿದ್ದಾರೆ.

ಭಕ್ತಿಯಿಂದಲೂ ಕೆಡುಕಾಗುತ್ತದೆ ಎಂಬುದನ್ನು ನೋವಿನಿಂದಲೇ ಬರೆಯಬೇಕಾಗಿದೆ. ಎಷ್ಟೋ ಕಡೆ ಕಲ್ಲಿಗೆ ಎನಾಮಲ್ ಬಣ್ಣ ಬಳಿಯುತ್ತಾರೆ, ಅಕ್ಷರದ ಗೆರೆಗಳು ಮುಚ್ಚಿಹೋಗುತ್ತವೆ. ಗುಡಿಯ ನೆಲಕ್ಕೆ ಸಿಮೆಂಟು ಹಾಕುವಾಗ ಕೆಳಗಿನ ಪಟ್ಟಿಕೆ ಹೂತುಹೋಗುತ್ತದೆ. ಬರಹವೆಂದರೆ ನಿಧಿಯ ಗುರುತೆಂದು ನಂಬಿ ಬುಡ ಅಗೆಯುವವರಂತೂ ಇದ್ದೇ ಇದ್ದಾರೆ. ಅಕ್ಷರ ಓದುವ ಆಸೆಯಿದ್ದರೆ ಸುಣ್ಣ, ಆ್ಯಸಿಡ್ ಯಾವುದೂ ಬೇಡ. ಕತ್ತಲಾದ ಮೇಲೆ ಕಲ್ಲಿನ ಬದಿಯಿಂದ ಓರೆಯಾಗಿ ಟಾರ್ಚ್ ಬಿಟ್ಟರೆ, ಹಗಲಿನಲ್ಲಿ ಕಾಣದ ಗೆರೆಗಳು ನೆರಳು ಹಿಡಿದು ಎದ್ದು ಬರುತ್ತವೆ.

ತಮ್ಮ ಪತ್ರಿಕೆಯಲ್ಲಿ ನನ್ನ ಕೋರಿಕೆ ಒಂದೇ. ‘ಪತ್ತೆ’ ಎಂದು ಸುದ್ದಿ ಮಾಡಿದ ಪ್ರತಿ ಕಲ್ಲಿನ ಬಳಿಗೂ ಒಂದು ವರ್ಷದ ನಂತರ ತಮ್ಮ ವರದಿಗಾರರು ಮತ್ತೊಮ್ಮೆ ಹೋಗಿ, ಅದು ಎಲ್ಲಿದೆ, ಹೇಗಿದೆ ಎಂದು ನಾಲ್ಕು ಸಾಲು ಬರೆಯಲಿ.

ನಮ್ಮೂರಿನ ಈರಗಾರಪ್ಪನನ್ನು ಹೋದ ಬೇಸಿಗೆಯಲ್ಲಿ ಹತ್ತು ಮಂದಿ ಸೇರಿ ಹಳ್ಳದಿಂದ ಎತ್ತಿ, ಶಾಲೆಯ ಆವರಣದ ಬೇವಿನ ಮರದ ಕೆಳಗೆ ನಿಲ್ಲಿಸಿದೆವು. ಒಡೆದ ಹೋಳನ್ನು ಪಕ್ಕದಲ್ಲಿಯೇ ಇಟ್ಟಿದ್ದೇವೆ. ಎರಡು ಸಾಲಿನ ಬರಹದಲ್ಲಿ ಮೊದಲ ಸಾಲು ಉಳಿದಿದೆ. ‘ತುಱು’ ಎಂಬ ಎರಡು ಅಕ್ಷರಗಳನ್ನು ಮಕ್ಕಳು ತಾವೇ ಟಾರ್ಚ್ ಹಿಡಿದು ಓದಿದರು. ಅವನ ಹೆಸರಿದ್ದ ಸಾಲು ಹಳ್ಳದಲ್ಲಿಯೇ ಸವೆದುಹೋಗಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಾಲಾ ಶಿಕ್ಷಕ,
ತುಮಕೂರು ಜಿಲ್ಲೆ