ಎರಡು ನಕ್ಷತ್ರ ಕೊಟ್ಟವರಿಗೂ ಧನ್ಯವಾದ

ನಮ್ಮ ಉಚಿತ ಕನ್ನಡ ಕೀಬೋರ್ಡ್ ಬಳಸುವ ಎಲ್ಲರಿಗೂ ನಮಸ್ಕಾರ. ಈ ವಾರ ಹೊಸ ಆವೃತ್ತಿ ಹೊರಬಂದಿದೆ. ಕೆಳಗಿನ ಸಾಲಿನ ಕೀಗಳು ಮರೆಯಾಗುತ್ತಿದ್ದ ತೊಂದರೆ ಬಗೆಹರಿದಿದೆ. ಪ್ಲೇ ಸ್ಟೋರ್‌ನಲ್ಲಿ ಕುಸಿದಿದ್ದ ರೇಟಿಂಗ್ ಕೂಡ ಚೇತರಿಸಿಕೊಂಡಿದೆ. ಇದರಲ್ಲಿ ನಿಮ್ಮ ಪಾಲು ದೊಡ್ಡದು. ಅದಕ್ಕೇ ಈ ನಾಲ್ಕು ಮಾತು.

ಆದದ್ದು ಇಷ್ಟು. ಹೊಸ ಫೋನ್‌ಗಳಲ್ಲಿ ಆ್ಯಪ್‌ಗಳು ಪರದೆಯ ಅಂಚಿನವರೆಗೂ ಹರಡಿಕೊಳ್ಳುವ ಪದ್ಧತಿ ಬಂತು. ಕೆಲವು ಮಾಡೆಲ್‌ಗಳಲ್ಲಿ ನಮ್ಮ ಸ್ಪೇಸ್ ಕೀ, ಎಂಟರ್ ಕೀ ಎರಡೂ ಫೋನಿನ ಬ್ಯಾಕ್, ಹೋಮ್ ಬಟನ್‌ಗಳ ಅಡಿಗೆ ಹೋಗಿಬಿಟ್ಟವು. ಸ್ಪೇಸ್ ಒತ್ತಲು ಹೋದರೆ ಬರೆಯುತ್ತಿದ್ದ ಮೆಸೇಜೇ ಮಾಯ, ಹೋಮ್ ಪರದೆ ಎದುರಿಗೆ. ಸಿಟ್ಟು ಬರದೇ ಇರುತ್ತದೆಯೇ? ‘ವೇಸ್ಟ್ ಆ್ಯಪ್’, ‘ಡಬ್ಬಾ’, ‘ಯಾರೂ ಹಾಕ್ಕೋಬೇಡಿ’ ಎಂದು ಒಂದೊಂದೇ ನಕ್ಷತ್ರದ ವಿಮರ್ಶೆಗಳು ಬರತೊಡಗಿದವು. ನಮ್ಮ ಹತ್ತಿರ ಇದ್ದ ಫೋನ್‌ಗಳಲ್ಲಿ ಎಲ್ಲವೂ ಸರಿಯಾಗಿತ್ತು. ‘ಡಬ್ಬಾ’ ಎನ್ನುವ ಒಂದು ಪದ ಹಿಡಿದುಕೊಂಡು ತೊಂದರೆ ಎಲ್ಲಿದೆ ಎಂದು ಹುಡುಕುವುದು ಹೇಗೆ ಹೇಳಿ.

ಅಷ್ಟರಲ್ಲಿ ಒಬ್ಬ ಮೇಷ್ಟ್ರು ಬರೆದರು. ಶಾಲೆಯ ನೋಟಿಸುಗಳನ್ನೆಲ್ಲ ನಮ್ಮ ಕೀಬೋರ್ಡಿನಲ್ಲೇ ಟೈಪ್ ಮಾಡುವವರಂತೆ. ಕೊಟ್ಟದ್ದು ಎರಡೇ ನಕ್ಷತ್ರ. ಆದರೆ ಫೋನಿನ ಮಾಡೆಲ್ ಹೇಳಿದ್ದರು, ಆಂಡ್ರಾಯ್ಡ್ 15 ಎಂದು ಹೇಳಿದ್ದರು. ‘ಕೆಳಗೆ ಮೂರು ಬಟನ್ ಇಟ್ಟುಕೊಂಡರೆ ಮಾತ್ರ ಹೀಗಾಗ್ತದೆ. ಬೆರಳು ಸವರುವ ರೀತಿಗೆ ಬದಲಾಯಿಸಿದರೆ ಸರಿ ಇರ್ತದೆ’ ಎಂದೂ ಸೇರಿಸಿದ್ದರು. ನಮಗೆ ಬೇಕಾಗಿದ್ದದ್ದು ಈ ಒಂದು ಸಾಲು. ಅದೇ ಸೆಟ್ಟಿಂಗ್ ಇಟ್ಟು ನೋಡಿದಾಗ ತೊಂದರೆ ಕಣ್ಣೆದುರಿಗೇ ಬಂತು. ಸರಿಪಡಿಸಿ ಉತ್ತರ ಬರೆದೆವು. ಅವರು ಮತ್ತೆ ಬಂದು ಹಾಕಿ ನೋಡಿ, ಎರಡನ್ನು ನಾಲ್ಕು ಮಾಡಿದರು. ಐದು ಯಾಕಿಲ್ಲ ಎಂದೂ ಬರೆದಿದ್ದಾರೆ: ಕನ್ನಡ ಅಂಕಿ ಬೇಕಾದರೆ ಈಗಲೂ ಎರಡು ಸಲ ಒತ್ತಬೇಕು. ನ್ಯಾಯವಾದ ಮಾತು. ಮೇಷ್ಟ್ರೇ, ನಿಮಗೆ ಮೊದಲ ಧನ್ಯವಾದ.

ಹೀಗೆ ಮರಳಿ ಬಂದು ರೇಟಿಂಗ್ ಬದಲಾಯಿಸುವುದು ಸಣ್ಣ ಉಪಕಾರವಲ್ಲ. 2019ರ ಆಗಸ್ಟ್‌ನಿಂದ ಪ್ಲೇ ಸ್ಟೋರ್ ತೋರಿಸುವ ಸರಾಸರಿಯಲ್ಲಿ ಇತ್ತೀಚಿನ ರೇಟಿಂಗ್‌ಗಳಿಗೆ ತೂಕ ಜಾಸ್ತಿ. ಹಾಗಾಗಿ ಕೆಟ್ಟ ವಾರವೊಂದು ಬಂದರೆ ಬೇಗ ಕೆಳಗಿಳಿಯುತ್ತೇವೆ. ಬಳಸಿದವರು ವಾಪಸ್ ಬಂದು ಈಗಿನ ಸ್ಥಿತಿ ಬರೆದರೆ ಬೇಗ ಮೇಲೂ ಬರುತ್ತೇವೆ. ನಾವು ಮೂರ್ನಾಲ್ಕು ಜನ ನೌಕರಿ ಮುಗಿಸಿ ರಾತ್ರಿ ಹೊತ್ತು ಇದನ್ನು ಮಾಡುವವರು. ಜಾಹೀರಾತು ಕೊಡುವುದಿಲ್ಲ, ಕೊಡಲು ದುಡ್ಡೂ ಇಲ್ಲ. ಹೊಸಬರೊಬ್ಬರು ಹಾಕಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವುದು ನಿಮ್ಮ ಮಾತು ಓದಿ. ಮುಕ್ತ ತಂತ್ರಾಂಶದ ಆ್ಯಪ್‌ಗಳು ಸಿಗುವ ಎಫ್‌-ಡ್ರಾಯ್ಡ್‌ನಲ್ಲಿ ನಕ್ಷತ್ರಗಳೇ ಇಲ್ಲ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ದೂರು ಬರೆಯಲು ಖಾತೆ ಬೇಕು, ಇಂಗ್ಲಿಷ್ ಬೇಕು ಎಂಬ ಅಂಜಿಕೆ ಬೇರೆ. ನಮ್ಮ ಬಹಳಷ್ಟು ಬಳಕೆದಾರರಿಗೆ ಕಷ್ಟ ಹೇಳಿಕೊಳ್ಳಲು ಇರುವ ಜಾಗ ಪ್ಲೇ ಸ್ಟೋರ್‌ನ ವಿಮರ್ಶೆಯ ಪೆಟ್ಟಿಗೆ ಒಂದೇ.

ನಮ್ಮ ಉತ್ತರ ಚುಟುಕಾಗಿರುತ್ತದೆ ಎಂದು ಕೆಲವರು ಬೇಜಾರು ಮಾಡಿಕೊಂಡಿದ್ದೀರಿ. ಅಲ್ಲಿ ಡೆವಲಪರ್‌ಗೆ ಸಿಗುವುದು 350 ಕ್ಯಾರೆಕ್ಟರ್. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಕಂಪ್ಯೂಟರ್ ಲೆಕ್ಕದಲ್ಲಿ ಆರು. ಮನಸ್ಸಿನಲ್ಲಿರುವ ಧನ್ಯವಾದ ಅದರಲ್ಲಿ ಹಿಡಿಸುವುದಿಲ್ಲ.

ಇನ್ನೊಬ್ಬರನ್ನು ನೆನೆಯಲೇಬೇಕು. ಯಾವುದೇ ಹೊಸ ಕೀಬೋರ್ಡ್ ಹಾಕಿದರೂ, ‘ಇದು ನಿಮ್ಮ ಪಾಸ್‌ವರ್ಡ್, ಕಾರ್ಡ್ ನಂಬರ್ ಸೇರಿ ಎಲ್ಲವನ್ನೂ ಸಂಗ್ರಹಿಸಬಹುದು’ ಎಂದು ಆಂಡ್ರಾಯ್ಡ್ ಎಚ್ಚರಿಸುತ್ತದೆ. ಅದು ಇರಬೇಕಾದ ಎಚ್ಚರಿಕೆಯೇ. ಆದರೆ ಅದನ್ನು ನೋಡಿ ‘ಕಳ್ಳ ಆ್ಯಪ್’ ಎಂದು ಬರೆದವರು ಬಹಳ. ಆಗ ಒಬ್ಬ ವಿದ್ಯಾರ್ಥಿನಿ ಸುಮ್ನೆ ನಮ್ಮ ಪರ ವಾದಕ್ಕೆ ಇಳಿಯಲಿಲ್ಲ. ನಮ್ಮ ಸೋರ್ಸ್ ಕೋಡ್ ತೆರೆದು ನೋಡಿ, ‘ಈ ಆ್ಯಪ್ ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ, ಬೇಕಾದರೆ ನೀವೂ ನೋಡಿ’ ಎಂದು ಬರೆದರು. ನಾವೇ ಹೇಳಿದ್ದರೆ ಜನ ನಂಬುತ್ತಿದ್ದರೋ ಇಲ್ಲವೋ. ಪರೀಕ್ಷಿಸಿ ನೋಡಿದ ಬಳಕೆದಾರರ ಮಾತಿಗೆ ಇರುವ ಬೆಲೆಯೇ ಬೇರೆ.

ಮಾತಿನ ಭಾರ ಎಷ್ಟಿರುತ್ತದೆ ಎಂದು ಯೋಚಿಸಿದಾಗೆಲ್ಲ ನನಗೆ ಎಕ್ಸ್‌ಝಡ್ ಪ್ರಕರಣ ನೆನಪಾಗುತ್ತದೆ. ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ, ಲೋಕದ ಅಸಂಖ್ಯ ಸರ್ವರ್‌ಗಳಲ್ಲಿ ಇರುವ ಆ ಮುಕ್ತ ತಂತ್ರಾಂಶವನ್ನು ವರ್ಷಗಟ್ಟಲೆ ನೋಡಿಕೊಂಡವರು ಹೆಚ್ಚುಕಡಿಮೆ ಒಬ್ಬರೇ, ಅದೂ ಬಿಡುವಿನ ವೇಳೆಯಲ್ಲಿ. 2022ರಲ್ಲಿ ಎಂದೂ ಕಾಣದ ಕೆಲವು ಹೆಸರುಗಳು ಬಂದು ಅವರ ಬೆನ್ನಿಗೆ ಬಿದ್ದವು. ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಎಂಬ ಒಂದೇ ವರಾತ. ಮನಸ್ಸಿನ ಆರೋಗ್ಯ ಸರಿಯಿಲ್ಲ ಎಂದು ಅವರು ಹೇಳಿಕೊಂಡರೂ ಬಿಡಲಿಲ್ಲ. ಕೊನೆಗೆ ನೆರವಿಗೆ ನಿಂತಂತಿದ್ದ ‘ಜಿಯಾ ಟಾನ್’ ಎಂಬ ಹೆಸರಿಗೆ ಜವಾಬ್ದಾರಿ ಹೋಯಿತು. ಹೊರಗಿನವರು ಗುಟ್ಟಾಗಿ ಕಂಪ್ಯೂಟರಿನೊಳಗೆ ನುಗ್ಗಲು ಅದರಲ್ಲಿ ಕಳ್ಳಬಾಗಿಲು ಇಟ್ಟದ್ದು ಅದೇ ಕೈ. 2024ರ ಮಾರ್ಚ್‌ನಲ್ಲಿ ಅದನ್ನು ಹಿಡಿದವರು ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟು, ಬಿಡದೆ ಹುಡುಕಿ, ಕಂಡದ್ದನ್ನು ಕಂಡ ಹಾಗೆ ವಿವರವಾಗಿ ಬರೆದರು. ಒಬ್ಬ ಡೆವಲಪರ್‌ನನ್ನು ಹಣ್ಣು ಮಾಡಿದ್ದೂ ಬರಹವೇ, ಲೋಕವನ್ನು ಕಾಪಾಡಿದ್ದೂ ಬರಹವೇ.

ರೇಟಿಂಗ್ ಬಿದ್ದಾಗ ಗೆಳೆಯರು, ಬಂಧುಗಳ ಕೈಲಿ ಐದೈದು ನಕ್ಷತ್ರ ಹಾಕಿಸೋಣ ಎಂದು ಕೆಲವರು ಪ್ರೀತಿಯಿಂದ ಹೇಳಿದಿರಿ. ಬೇಡ ಎಂದೆವು, ಈಗಲೂ ಬೇಡ. ಬಳಸದವರ ಐದು ನಕ್ಷತ್ರದಿಂದ ಒಂದು ಕೀ ಕೂಡ ಸರಿಯಾಗುವುದಿಲ್ಲ. ‘ರ‍್ಯಾಂಕ್’ ಬರೆಯಲು ಹೋದರೆ ‘ರ್ಯಾಂಕ್’ ಆಗುತ್ತದೆ ಎಂದು ಹಿಂದೊಮ್ಮೆ ಮೂರು ನಕ್ಷತ್ರ ಕೊಟ್ಟು ತೋರಿಸಿದ ಡಿಟಿಪಿ ಕೆಲಸದವರೇ, ನಿಮ್ಮಿಂದಾಗಿ ಆ ಅಕ್ಷರಕ್ಕೆ ಈಗ ಬೇರೆ ಕೀ ಇದೆ. ಸಿಟ್ಟಿನಲ್ಲಿ ಒಂದು ನಕ್ಷತ್ರ ಕೊಟ್ಟು, ನಾವು ವಿಚಾರಿಸಿದಾಗ ತಾಳ್ಮೆಯಿಂದ ಸ್ಕ್ರೀನ್‌ಶಾಟ್ ಕಳಿಸಿದವರಿಗೂ ಮನಸಾರೆ ಧನ್ಯವಾದ.

ಮೇಷ್ಟ್ರು ಕೇಳಿದ ಕನ್ನಡ ಅಂಕಿಗಳ ಸಾಲು ಮುಂದಿನ ಆವೃತ್ತಿಯಲ್ಲಿ ಬರುತ್ತಿದೆ. ಪರೀಕ್ಷಾ ಆವೃತ್ತಿ ಈಗಲೇ ಸಿಗುತ್ತದೆ. ಹಳೇ ಫೋನ್, ಚಿಕ್ಕ ಪರದೆ ಇರುವವರು ದಯವಿಟ್ಟು ಹಾಕಿ ನೋಡಿ. ಸಾಲು ಇಕ್ಕಟ್ಟಾದರೆ ಮಾಡೆಲ್ ಹೆಸರಿನ ಜೊತೆ ಬರೆಯಿರಿ.