ಹಸಿರು ಕಟ್ಟಡದ ಅಂಕಪಟ್ಟಿಯಲ್ಲಿ ಎರೆಭೂಮಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ನೀರು, ವಿದ್ಯುತ್ತು ಉಳಿಸಿ ಪರಿಸರಕ್ಕೆ ಹಿತವಾಗಿ ಕಟ್ಟಿದ್ದಕ್ಕೆ ಅಂಕ ನೋಡಿ ಕೊಡುವ ‘ಹಸಿರು ಕಟ್ಟಡ’ ಪ್ರಮಾಣಪತ್ರದ ಮಾತು ಈಗ ಕಲಬುರಗಿಯ ಬಿಲ್ಡರ್‌ಗಳ ಬಾಯಲ್ಲೂ ಕೇಳಿಬರುತ್ತಿದೆ. ಸಂತೋಷವೇ. ಆದರೆ ಅಂಕ ಕೊಡುವಾಗ ಕಟ್ಟಡ ನಿಂತ ಊರಿನ ನೆಲ ಎಂಥದ್ದು, ಬಿಸಿಲು ಎಂಥದ್ದು ಎಂದು ವಿಚಾರಿಸಬೇಕಾದವರು ಯಾರು?

ಅಮೆರಿಕದ ಹಸಿರು ಕಟ್ಟಡ ಮಂಡಳಿಯು 2009ರಲ್ಲಿ ತನ್ನ ‘ಲೀಡ್’ ಮಾನದಂಡವನ್ನು ಪರಿಷ್ಕರಿಸಿದಾಗ, ಅಲ್ಲಿನ ಆಯಾ ಪ್ರದೇಶದ ಸ್ವಯಂಸೇವಕರಿಂದಲೇ ತಮ್ಮ ಪರಿಸರಕ್ಕೆ ಮುಖ್ಯವಾದ ಆರು ಅಂಶಗಳನ್ನು ಗುರುತಿಸಿಕೊಂಡು, ಅವುಗಳನ್ನು ಸಾಧಿಸಿದ ಕಟ್ಟಡಕ್ಕೆ ಗರಿಷ್ಠ 4 ಹೆಚ್ಚುವರಿ ಅಂಕ ಕೊಡುವ ಏರ್ಪಾಡು ಮಾಡಿತು. ಒಟ್ಟು 110ರಲ್ಲಿ ನಾಲ್ಕು ಅಲ್ಪವೇ. ಆದರೂ ಊರಿನವರನ್ನು ಕೇಳುವ ಪದ್ಧತಿ ಅದರಿಂದ ಬಂತು. ಅದೇ ಮಾನದಂಡ 800 ಕಿ.ಮೀ. ಒಳಗಿನ ಸಾಮಗ್ರಿಯನ್ನೆಲ್ಲ ಸ್ಥಳೀಯವೆಂದು ಎಣಿಸುತ್ತಿತ್ತು. ಆ ಲೆಕ್ಕದಲ್ಲಿ ನಮಗೆ ಚೆನ್ನೈಯೂ ನೆರೆಮನೆ!

ಮಳೆನೀರಿನ ವಿಷಯವನ್ನೇ ನೋಡಿ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಕೆಲಸ ಮಾಡುವ ಇಂಗುಗುಂಡಿಯನ್ನು ನಮ್ಮ ಎರೆಭೂಮಿಯಲ್ಲಿ ತೋಡಿದರೆ, ಹಸಿಯಾದೊಡನೆ ಉಬ್ಬಿಕೊಳ್ಳುವ ಮಣ್ಣು ನೀರನ್ನು ಕೆಳಗಿಳಿಯಗೊಡದೆ ಗುಂಡಿಯನ್ನು ಸೊಳ್ಳೆಯ ತೊಟ್ಟಿಯಾಗಿಸುತ್ತದೆ, ಪಾಯಕ್ಕೂ ತೊಂದರೆ ತರುತ್ತದೆ. ಇಲ್ಲಿ ಬೇಕಿರುವುದು ಮಾಳಿಗೆಯ ನೀರನ್ನು ಹಿಡಿದಿಡುವ ಟಾಕಿ. ಪಕ್ಕದ ಬೀದರ್ ಪಟ್ಟಣದ ಜಂಬಿಟ್ಟಿಗೆ ನೆಲವಾದರೋ ನೀರನ್ನು ಹೀರಿಕೊಳ್ಳುತ್ತದೆ. ಅಲ್ಲಿ ಬಹಮನಿ ಕಾಲದ ಸುರಂಗ ಕಾಲುವೆಯಾದ ನೌಬಾದ್ ಕರೇಜ್ ನೆಲದೊಳಗೆ ಹರಿದದ್ದು ಆ ಗುಣದಿಂದಲೇ. ಅಕ್ಕಪಕ್ಕದ ಎರಡು ಜಿಲ್ಲೆಗಳಿಗೇ ಒಂದೇ ಪಟ್ಟಿ ಹೊಂದುವುದಿಲ್ಲ.

ಬಿಸಿಲಿನದೂ ಅದೇ ಕತೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಪಡುವಣಕ್ಕೆ ಮುಖ ಮಾಡಿ ಗಾಜಿನ ಗೋಡೆ ನಿಲ್ಲಿಸಿ, ಒಳಗೆ ಕಡಿಮೆ ವಿದ್ಯುತ್ತಿನ ಎ.ಸಿ. ಹಾಕಿದ್ದಕ್ಕೆ ಅಂಕ ಗಳಿಸುವುದಕ್ಕಿಂತ, ದಪ್ಪ ಕಲ್ಲುಗೋಡೆಗೆ, ಗೋಡೆಗೆ ನೆರಳಾಗುವ ಚಜ್ಜಕ್ಕೆ ಹೆಚ್ಚು ಅಂಕ ಸಲ್ಲಬೇಕು. ಶಹಾಬಾದ್ ಫರ್ಸಿ, ಅಂದರೆ ಅಲ್ಲಿನ ಹಾಸುಗಲ್ಲು, ಕೈಗೆಟಕುವಷ್ಟು ಹತ್ತಿರವಿದೆ. ಗಣಿಗಳ ಸುತ್ತ ಗುಡ್ಡೆಬಿದ್ದ ಚೂರುಕಲ್ಲನ್ನು ಬಳಸಿದವರಿಗೂ ಮನ್ನಣೆ ಸಿಗಲಿ.

ಇದನ್ನೆಲ್ಲ ನಿರ್ಧರಿಸಲು ದುಬಾರಿ ಸಲಹೆಗಾರರು ಬೇಕಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು, ನಿವೃತ್ತ ಎಂಜಿನಿಯರ್‌ಗಳು, ಬಾವಿ ತೋಡಿದವರು, ಮುಖ್ಯವಾಗಿ ಅನುಭವಿ ಗೌಂಡಿಗಳು ಸ್ವಯಂಪ್ರೇರಣೆಯಿಂದ ಕೂಡಿ ಆರು ಅಂಶಗಳ ಪಟ್ಟಿಯೊಂದನ್ನು ಸಿದ್ಧಪಡಿಸಬಹುದು. ಗೌಂಡಿಗೆ ಆ ದಿನದ ಕೂಲಿ ತಪ್ಪುತ್ತದೆ ಎಂಬುದನ್ನು ಮರೆಯದೆ, ಸಭೆಯನ್ನು ಅವರಿಗೆ ಬಿಡುವಿರುವ ದಿನವೇ ಇಟ್ಟುಕೊಳ್ಳಬೇಕು. ದೇಶದಲ್ಲಿ ಮಾನದಂಡ ರೂಪಿಸುವ ಸಂಸ್ಥೆಗಳು ಆ ಪಟ್ಟಿಯನ್ನು ಪರಿಗಣಿಸಲಿ, ತಮ್ಮ ಕರಡನ್ನು ಅಂತಿಮಗೊಳಿಸುವ ಮುನ್ನ ಕನ್ನಡದಲ್ಲಿ ಪ್ರಕಟಿಸಲಿ ಎಂದು ಈ ಪತ್ರದ ಮೂಲಕ ಕೋರುತ್ತೇನೆ.

— ನಿವೃತ್ತ ಸಿವಿಲ್ ಎಂಜಿನಿಯರ್, ಕಲಬುರಗಿ